ಜರ್ಮನಿಗೆ ಹೊರಟವರು ಓದದೆ ಸಹಿ ಹಾಕಬಾರದ ಮುಚ್ಚಳಿಕೆ

ಪ್ರತಿ ವರ್ಷ ಬೇಸಿಗೆಯಲ್ಲಿ, ಓದಲೆಂದು ಜರ್ಮನಿಗೆ ಹೊರಡುವ ದಾವಣಗೆರೆ, ಚಿತ್ರದುರ್ಗದ ಹುಡುಗ ಹುಡುಗಿಯರು ವಿದ್ಯಾನಗರದ ನಮ್ಮ ಮನೆಗೆ ಬಂದು ವೀಸಾ, ಠೇವಣಿ, ಚಳಿಗಾಲದ ಬಟ್ಟೆಗಳ ಬಗ್ಗೆ ವಿಚಾರಿಸುತ್ತಾರೆ. ಅವೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತವೆ. ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲಿದ್ದಾಗ ಅದಕ್ಕಾಗಿ ನಾನು 900 ಯೂರೋ ತೆತ್ತೆ; ನನ್ನ ನಂತರ ಹೋದ ಮೂವರು ಅದೇ ತಪ್ಪು ಮಾಡಿದ್ದನ್ನು ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯೇ ಅರ್ಧ ಗ್ರಂಥಾಲಯ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಗಾಗಿ ಪ್ರತಿ ಮಾಡುವುದಕ್ಕೆ ಅವಕಾಶ ಕೊಡುತ್ತದೆ. ದೆಹಲಿ ಹೈಕೋರ್ಟ್ 2016ರಲ್ಲಿ ಅದನ್ನು ವಿದ್ಯಾರ್ಥಿಗಳ ಪರವಾಗಿಯೇ ಅರ್ಥೈಸಿತು. ಜರ್ಮನಿಯಲ್ಲಿ ತರಗತಿಯ ಬಳಕೆಗೆ ಒಂದು ಕೃತಿಯ ಶೇ. 15ರಷ್ಟನ್ನು ಕೊಡಬಹುದು, ಮಾರುಕಟ್ಟೆಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ಪ್ರತಿ ಮಾಡಬೇಕಾದರೆ ಒಪ್ಪಿಗೆ ಬೇಕು, ಇಲ್ಲವೇ ಕೈಯಿಂದ ಬರೆದುಕೊಳ್ಳಬೇಕು. ಓದುವ ಬಡ ವಿದ್ಯಾರ್ಥಿಯ ಮಟ್ಟಿಗೆ ನಮ್ಮ ಕಾನೂನೇ ಮೇಲೆಂದು ನಾನು ನಂಬಿದ್ದೇನೆ.

ನಾನು ಎಡವಿದ್ದು ಟೊರೆಂಟಿನಲ್ಲಿ, ಅಂದರೆ ಬಳಸುವವರೇ ತಮ್ಮತಮ್ಮಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ. ಸಿನಿಮಾದ ತುಣುಕುಗಳು ನಮ್ಮ ಲ್ಯಾಪ್‌ಟಾಪಿಗೆ ಇಳಿಯುತ್ತಿರುವಾಗಲೇ ಅಲ್ಲಿಂದ ಬೇರೆಯವರಿಗೂ ಹೋಗುತ್ತಿರುತ್ತವೆ. ಕಾನೂನು ಮುಖ್ಯವಾಗಿ ಹಿಡಿಯುವುದು ಈ ಹಂಚಿಕೆಯನ್ನೇ. ಹಕ್ಕುದಾರರು ನೇಮಿಸಿದವರು ಅದೇ ಗುಂಪಿನೊಳಗೆ ಸೇರಿ ನಮ್ಮ ಇಂಟರ್ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸವನ್ನು ಗುರುತಿಸುತ್ತಾರೆ, ನ್ಯಾಯಾಲಯದ ಆದೇಶ ಪಡೆದು ಇಂಟರ್ನೆಟ್ ಕಂಪನಿಯಿಂದ ನಮ್ಮ ಹೆಸರು ಪಡೆಯುತ್ತಾರೆ. ನಂತರ ವಕೀಲರ ನೋಟಿಸು ಬರುತ್ತದೆ. ಅದನ್ನು ಅಲ್ಲಿ ಅಬ್‌ಮಾನುಂಗ್ ಎನ್ನುತ್ತಾರೆ.

ನೋಟಿಸಿನ ಜೊತೆಗೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂಬ ಸಿದ್ಧ ಮುಚ್ಚಳಿಕೆಯೊಂದು ಇರುತ್ತದೆ. ಗಡುವಿಗೆ ಹೆದರಿ, ವೀಸಾಕ್ಕೆ ತೊಂದರೆಯಾದೀತೆಂದು ನಾನು ಅಂದೇ ಸಹಿ ಹಾಕಿ ಕಳಿಸಿದೆ. ಹಣ ಕಟ್ಟಿದರೆ ಮುಗಿಯುತ್ತದೆಂದುಕೊಂಡಿದ್ದು ನನ್ನ ತಪ್ಪು. ಆ ಕಾಗದ ಕಾಲಮಿತಿಯಿಲ್ಲದ ಒಪ್ಪಂದ. ತಪ್ಪೊಪ್ಪಿಗೆಯ ಮಾತೂ ಅದರಲ್ಲೇ ಸೇರಿತ್ತು, ಮತ್ತೊಮ್ಮೆ ಉಲ್ಲಂಘನೆಯಾದರೆ ಸಾವಿರಾರು ಯೂರೋ ದಂಡ ಕೊಡುವೆನೆಂಬ ವಾಗ್ದಾನವೂ ಇತ್ತು. ಹಾಗೆಂದು ನೋಟಿಸನ್ನು ಮೂಲೆಗೆ ಎಸೆಯಲೇಬೇಡಿ. ಉತ್ತರಿಸದಿದ್ದರೆ ಅವರು ನ್ಯಾಯಾಲಯದಿಂದ ತಡೆಯಾಜ್ಞೆ ತರುತ್ತಾರೆ, ಅದರ ಖರ್ಚೂ ನಮ್ಮ ತಲೆಗೇ ಬೀಳುತ್ತದೆ. ಅವರಿಗೆ ಫೋನ್ ಮಾಡಿ ವಿವರಣೆ ಕೊಡಲು ಹೋಗದೆ, ಗಡುವಿನೊಳಗೆ ಊರಿನ ಗ್ರಾಹಕ ಸಲಹಾ ಕೇಂದ್ರಕ್ಕೆ, ಅಂದರೆ ಫೆರ್‌ಬ್ರೌಖರ್‌ಟ್ಸೆಂಟ್ರಾಲೆಗೆ ಹೋಗಿ, ಮುಚ್ಚಳಿಕೆಯನ್ನು ತಿದ್ದಿ ಕೊಡಬಹುದೇ ಎಂದು ಕೇಳಿ. ಅಲ್ಲಿನ ಕೃತಿಸ್ವಾಮ್ಯ ಕಾನೂನಿನ 2013ರ ತಿದ್ದುಪಡಿಯ ನಂತರ, ಖಾಸಗಿ ವ್ಯಕ್ತಿಗೆ ಬಂದ ಮೊದಲ ನೋಟಿಸಿಗೆ ವಕೀಲರ ಶುಲ್ಕವನ್ನು ಸಾಮಾನ್ಯವಾಗಿ 1,000 ಯೂರೋ ಮೌಲ್ಯದ ವ್ಯಾಜ್ಯದ ಲೆಕ್ಕದಲ್ಲೇ ಹಾಕಬೇಕು. ನಷ್ಟಪರಿಹಾರ ಅದಕ್ಕೆ ಹೊರತು.

ಇಂಟರ್ನೆಟ್ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರಿಗೇ ನೋಟಿಸು ಬರುತ್ತದೆ. ಬೇರೆ ಯಾರು ಬಳಸಿರಬಹುದೆಂದು ವಿವರಿಸುವ ಹೊಣೆಯೂ ಅವರದೇ. ತಮ್ಮ ಮಕ್ಕಳಲ್ಲಿ ಹಂಚಿದವರು ಯಾರೆಂದು ಗೊತ್ತಿದ್ದೂ ಹೆಸರು ಹೇಳದ ತಂದೆತಾಯಿ ತಾವೇ ಹಣ ತೆರಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು, ಸಂವಿಧಾನ ನ್ಯಾಯಾಲಯವೂ 2019ರಲ್ಲಿ ಅದನ್ನು ಒಪ್ಪಿತು. ಲೇಖಕನ ಕೃತಿಸ್ವಾಮ್ಯವನ್ನು ಯಾರೂ ಅವನಿಂದ ಪೂರ್ತಿಯಾಗಿ ಬರೆಸಿಕೊಳ್ಳಲಾಗದಂತೆ ಕಾಯುವ ಆ ದೇಶದ ಕಾನೂನನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಸಂಗೀತ ಆಲ್ಬಮ್ಮಿಗಾಗಿ ತಾಯಿಯ ಬಾಯಿಂದ ಮಗನ ಹೆಸರು ಹೊರಡಿಸುವುದನ್ನು ಒಪ್ಪಲು ನನ್ನಿಂದಾಗಿಲ್ಲ.

ಟೊರೆಂಟ್ ತಂತ್ರಾಂಶವನ್ನು ದಾವಣಗೆರೆಯಲ್ಲೇ ತೆಗೆದುಹಾಕಿ ವಿಮಾನ ಹತ್ತಿ. ಇಲ್ಲಿ ಇಳಿಸಿಕೊಂಡ ಹಳೆಯ ಸಿನಿಮಾಗಳನ್ನು ಅದು ಅಲ್ಲಿನ ವೈಫೈ ಸಿಕ್ಕ ಕೂಡಲೇ ತಾನಾಗಿ ಹಂಚತೊಡಗುತ್ತದೆ. ಆ ಮೂವರಲ್ಲಿ ಇಬ್ಬರು ಜರ್ಮನಿಯಲ್ಲಿ ಏನನ್ನೂ ಇಳಿಸಿಕೊಂಡಿರಲಿಲ್ಲ.