ತ್ರೈಮಾಸಿಕ ಫಲಿತಾಂಶ: ಪ್ರೆಸ್ ರಿಲೀಸ್ ಬಿಟ್ಟು ಮೂಲ ಕಡತ ಓದುವುದು

ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಅಥವಾ ಆರಂಕಿಯ ಸ್ಕ್ರಿಪ್ ಕೋಡ್ ಹಾಕಿ (ಇನ್ಫೋಸಿಸ್‌ದು 500209), ಅನೌನ್ಸ್‌ಮೆಂಟ್ಸ್ ಪುಟ ತೆರೆಯಿರಿ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತ್ರೈಮಾಸಿಕ ಫಲಿತಾಂಶ ಅವಧಿ ಮುಗಿದ 45 ದಿನದೊಳಗೆ, ವರ್ಷದ್ದು 60 ದಿನದೊಳಗೆ ಸಲ್ಲಿಕೆಯಾಗಬೇಕು.

ಪಿಡಿಎಫ್ ಸಿಕ್ಕಿದ ಕೂಡಲೇ ಕೋಷ್ಟಕದ ಮೇಲಂಚು ನೋಡಿ: ಮೊತ್ತ ಲಕ್ಷದಲ್ಲಿದೆಯೋ ಕೋಟಿಯಲ್ಲೋ? ಎಡವುವುದು ಹೆಚ್ಚಾಗಿ ಇಲ್ಲೇ. ಅಂಗಸಂಸ್ಥೆಗಳಿದ್ದರೆ ಸ್ಟ್ಯಾಂಡ್‌ಅಲೋನ್ (ಕಂಪನಿಯೊಂದರದೇ ಲೆಕ್ಕ) ಬದಿಗಿಟ್ಟು ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳೂ ಸೇರಿದ ಲೆಕ್ಕ) ಕೋಷ್ಟಕ ಹಿಡಿಯಿರಿ. ಅಂಗಸಂಸ್ಥೆಯ ನಷ್ಟ ಕಾಣುವುದು ಅದರಲ್ಲಿ. ಹೋಲಿಕೆ ಕಳೆದ ವರ್ಷದ ಇದೇ ತ್ರೈಮಾಸಿಕದ ಜೊತೆಗಿರಲಿ. ಹಬ್ಬದ ಸೀಸನ್ನಿನ ಮಾರಾಟವನ್ನು ಅದರ ಹಿಂದಿನ ಮೂರು ತಿಂಗಳಿಗೆ ಹೋಲಿಸಿದರೆ ಎಲ್ಲವೂ ಬೆಳವಣಿಗೆಯೇ!

ಲಾಭ ದಿಢೀರನೆ ಏರಿದ್ದರೆ ‘ಇತರೆ ಆದಾಯ’ ಮತ್ತು ‘ಎಕ್ಸೆಪ್ಷನಲ್ ಐಟಮ್ಸ್’ (ಅಪರೂಪದ ಆದಾಯ-ಖರ್ಚು) ಸಾಲುಗಳನ್ನು ನೋಡಿ. ಜಮೀನು ಮಾರಿ ಬಂದ ಹಣ ಮುಂದಿನ ಸಲ ಬರುವುದಿಲ್ಲ. ಕೋಷ್ಟಕದ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳನ್ನೂ ಬಿಡಬೇಡಿ: ತೆರಿಗೆ ವ್ಯಾಜ್ಯ, ಲೆಕ್ಕಪದ್ಧತಿಯ ಬದಲಾವಣೆ ಅಲ್ಲಿರುತ್ತವೆ. ಆಡಿಟರ್ ವರದಿಯಲ್ಲಿ ‘ಕ್ವಾಲಿಫೈಡ್’ (ಅಂದರೆ ಲೆಕ್ಕದ ಬಗ್ಗೆ ಆಕ್ಷೇಪವಿದೆ) ಎಂದು ಕಂಡರೆ ಆ ಪ್ಯಾರಾ ಪೂರ್ತಿ ಓದದೆ ಮುಂದೆ ಹೋಗಬೇಡಿ.

ಷೇರುದಾರರ ವಿವರ ತ್ರೈಮಾಸಿಕ ಮುಗಿದ 21 ದಿನದೊಳಗೆ ಬೇರೆಯಾಗಿ ಬರುತ್ತದೆ. ಅದರಲ್ಲಿ ಪ್ರವರ್ತಕರು (ಕಂಪನಿಯ ಹಿಡಿತವಿರುವವರು) ಸಾಲಕ್ಕೆ ಅಡವಿಟ್ಟ ಷೇರಿನ ಪ್ರಮಾಣ ಸತತವಾಗಿ ಏರುತ್ತಿದ್ದರೆ, ನನ್ನ ಮಟ್ಟಿಗೆ, ಅದು ಲಾಭದ ಅಂಕಿಗಿಂತ ದೊಡ್ಡ ಸುದ್ದಿ.