ಇ-ರೀಡರ್ ಕೊಳ್ಳೋದಾ, ಟ್ಯಾಬ್ ಕೊಳ್ಳೋದಾ: ನಾನು ಮೊದಲು ನೋಡಿದ್ದು ನನ್ನ ಫೈಲುಗಳನ್ನು

ಓದೋದಕ್ಕೆ ಇ-ರೀಡರ್ (ಪುಸ್ತಕ ಓದಲೆಂದೇ ಮಾಡಿದ ಯಂತ್ರ) ಒಳ್ಳೆಯದಾ, ಟ್ಯಾಬ್ ಒಳ್ಳೆಯದಾ ಎಂದು ಹುಡುಕಿದರೆ ಹತ್ತು ವಿಡಿಯೋ ಸಿಗುತ್ತವೆ. ಎಲ್ಲವೂ ಯಂತ್ರದ ಬಗ್ಗೆಯೇ. ಪ್ರೊಸೆಸರ್ ಯಾವುದು, ಅಂಚು ಎಷ್ಟು ತೆಳ್ಳಗಿದೆ, ಕವರ್ ಎಷ್ಟು ಚೆಂದ. ನನಗೆ ಬೇಕಿದ್ದದ್ದು ಒಂದೇ ಉತ್ತರ: ನಾನು ಓದುವ ಪುಸ್ತಕಗಳು ಇದರಲ್ಲಿ ನೆಮ್ಮದಿಯಾಗಿ ಓದಲು ಬರುತ್ತವಾ? ಅದನ್ನು ಯಾವ ವಿಡಿಯೋನೂ ಹೇಳಲಿಲ್ಲ. ನಾನು ಏನು ಓದುತ್ತೇನೆ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಹಾಗಾಗಿ ಯಂತ್ರದ ವಿಷಯ ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನಲ್ಲಿರುವ ನನ್ನ ಪುಸ್ತಕದ ಫೋಲ್ಡರ್ ತೆರೆದೆ.

ಅದರಲ್ಲಿ ಮೂರು ಥರದ ಫೈಲುಗಳಿದ್ದವು. ಒಂದು, ಕಾದಂಬರಿ, ಪ್ರಬಂಧ, ಜೀವನಚರಿತ್ರೆಗಳ ಇಪಬ್, ಅಂದರೆ ಇ-ಪುಸ್ತಕದ ಫೈಲ್. ಎರಡು, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್. ಮೂರು, ಕೆಲಸಕ್ಕೆ ಸಂಬಂಧಿಸಿದ ಎ4 ಅಳತೆಯ ಪಿಡಿಎಫ್. ಇದರಲ್ಲಿ ಟೇಬಲ್, ಬಣ್ಣದ ಚಿತ್ರ ಎಲ್ಲ ಇರುತ್ತವೆ.

ಮೊದಲ ಗುಂಪಿಗೆ ಯಾವ ಯಂತ್ರವಾದರೂ ನಡೆಯುತ್ತದೆ. ಇಪಬ್‌ನಲ್ಲಿ ಪುಟ ಅನ್ನೋದೇ ಇಲ್ಲ, ಇರೋದು ಪಠ್ಯ ಮಾತ್ರ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಪಿಡಿಎಫ್ ಹಾಗಲ್ಲ. ಅದರ ಪುಟ ಅಚ್ಚಾದ ಪುಟದಂತೆ ಗಟ್ಟಿ. ಪರದೆ ಚಿಕ್ಕದಾದರೆ ಇಡೀ ಪುಟವೇ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ ಎಂದು ನೋಡಲು ಒಂದು ರಟ್ಟು ತೆಗೆದುಕೊಂಡೆ. 6 ಇಂಚಿನ ಇ-ರೀಡರ್ ಅಂದರೆ ಪರದೆ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ರಟ್ಟಿನಲ್ಲಿ ಅಷ್ಟೇ ಅಳತೆಯ ಕಿಂಡಿ ಕತ್ತರಿಸಿ ಲ್ಯಾಪ್‌ಟಾಪ್ ಪರದೆಗೆ ಹಿಡಿದೆ. ಪಿಡಿಎಫ್‌ನ ಪೂರ್ತಿ ಪುಟ ಆ ಕಿಂಡಿಯೊಳಗೆ ಕೂರುವವರೆಗೆ ಝೂಮ್ ಕಡಿಮೆ ಮಾಡುತ್ತಾ ಹೋದೆ. ಎ4 ಹಾಳೆಯ ಎತ್ತರ 29.7 ಸೆಂ.ಮೀ. ಅದು 12ಕ್ಕೆ ಇಳಿದಾಗ 12 ಪಾಯಿಂಟಿನ ಅಕ್ಷರ 5 ಪಾಯಿಂಟ್ ಆಗುತ್ತದೆ. ಇಂಗ್ಲಿಷ್ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಹೇಗೋ ಓದಬಹುದು. ಕನ್ನಡದಲ್ಲಿ 'ರಾಷ್ಟ್ರ' ಪದದ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಬರೀ ಕಪ್ಪು ಚುಕ್ಕೆಯಾಗಿದ್ದವು. ಮೂರನೇ ಗುಂಪಿಗೆ 6 ಇಂಚು ಬೇಡವೇ ಬೇಡ ಎಂದು ಅಲ್ಲಿಗೇ ಇತ್ಯರ್ಥವಾಯಿತು. 10.3 ಇಂಚಿನ ಕಿಂಡಿಯಲ್ಲೂ ನೋಡಿದೆ. ಅದರಲ್ಲಿ ಅದೇ ಅಕ್ಷರ 8 ಪಾಯಿಂಟಿನ ಮೇಲಿರುತ್ತದೆ. ಓದಬಹುದು.

ಎರಡನೇ ಗುಂಪು ನಾನು ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ. ಹಳೆಯ ಪುಸ್ತಕಗಳ ಪುಟ ಎ4ಗಿಂತ ಎಷ್ಟೋ ಚಿಕ್ಕದು. ಸುತ್ತ ಖಾಲಿ ಅಂಚೂ ಧಾರಾಳವಾಗಿರುತ್ತದೆ. ಆ ಅಂಚನ್ನು ಕತ್ತರಿಸಿಬಿಟ್ಟರೆ 7 ಇಂಚಿನ ಪರದೆಯಲ್ಲಿ ಅಕ್ಷರ ಅಚ್ಚಿನಲ್ಲಿದ್ದುದಕ್ಕಿಂತ ಸ್ವಲ್ಪ ಮಾತ್ರ ಚಿಕ್ಕದಾಗಿ ಕಾಣುತ್ತದೆ. ಯಂತ್ರವನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದಿದರೆ ಇನ್ನೂ ಆರಾಮ. ಕೋರೀಡರ್ ಎಂಬ ಉಚಿತ ತಂತ್ರಾಂಶದಲ್ಲಿ ಅಂಚು ಕತ್ತರಿಸುವ ಕೆಲಸ ತಾನಾಗಿಯೇ ಆಗುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸುವ ಸೌಲಭ್ಯವೂ ಇದೆ. ಇದು ಮುಖ್ಯ. ಹಳದಿಗಟ್ಟಿದ ಹಾಳೆಯ ಸ್ಕ್ಯಾನ್ ಕಪ್ಪು-ಬಿಳುಪು ಪರದೆಯಲ್ಲಿ ಕೊಳೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅಕ್ಷರ ಅದರಲ್ಲೇ ಮುಳುಗಿಹೋಗುತ್ತದೆ. ಸ್ಕ್ಯಾನ್ ಫೈಲ್ ದೊಡ್ಡದಾಗಿದ್ದರೆ ಇ-ರೀಡರ್ ಪುಟ ತಿರುಗಿಸಲು ತಡಬಡಾಯಿಸುತ್ತದೆ ಅನ್ನೋದೂ ನಿಜ. ಈ ವಿಷಯದಲ್ಲಿ ಟ್ಯಾಬ್‌ನದೇ ಮೇಲುಗೈ.

ಇಷ್ಟಾದ ಮೇಲೆ ಗೆಳೆಯನ ಇ-ರೀಡರ್ ಎರವಲು ತಂದೆ. ಅದಕ್ಕೆ ಹಾಕಲು ಸುಮ್ನೆ ಒಂದು ಪರೀಕ್ಷೆಯ ಇಪಬ್ ಮಾಡಿಕೊಂಡಿದ್ದೆ. ಸ್ತ್ರೀ, ರಾಷ್ಟ್ರ, ಅರ್ಥ, ಜ್ಞಾನ, ಕೊಂಡೊಯ್ದ ಇಂಥ ಪದಗಳನ್ನು ತುಂಬಿದ ಒಂದೇ ಪುಟ. ನೋಡಬೇಕಾದದ್ದು ಏನೆಂದರೆ, ಒತ್ತಕ್ಷರ ಕೆಳಗೆ ಕೂರುವ ಬದಲು 'ಸ್‌ತ್‌ರೀ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತದಾ, ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯಾ, ಸಾಲಿನ ಅಂತರ ಕಡಿಮೆಯಾದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದಾ. ಮೊದಲಿನೆರಡು ಸರಿಯಿದ್ದವು. ಮೂರನೆಯದು ತಾಗುತ್ತಿತ್ತು. ಸಾಲಿನ ಅಂತರ ಸ್ವಲ್ಪ ಹೆಚ್ಚಿಸಿ, ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿದ ಮೇಲೆ ಓದಲು ಹಿತವಾಯಿತು. ಅಮೆಜಾನಿನ ಕಿಂಡಲ್, ಇನ್ನೊಂದು ಕಂಪನಿಯ ಕೋಬೋ, ಈ ಎರಡೂ ಇ-ರೀಡರ್‌ಗಳಲ್ಲಿ ನಮ್ಮ ಫಾಂಟನ್ನು ಫಾಂಟ್ಸ್ ಫೋಲ್ಡರಿಗೆ ಹಾಕಿಕೊಳ್ಳಬಹುದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಮಾತ್ರ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಬರುತ್ತವೆ.

ಇನ್ನು ಪರದೆ. ಇ-ರೀಡರ್ ಪರದೆಯಲ್ಲಿರುವ ಇ-ಇಂಕ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡ ಮೇಲೆ ಅದರ ಗುಣದೋಷ ಎರಡೂ ಅರ್ಥವಾದವು. ಇದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿದ ತಂತ್ರ. 1997ರಲ್ಲಿ ಅದಕ್ಕೆಂದೇ ಕಂಪನಿ ಶುರುವಾಯಿತು. 2004ರಲ್ಲಿ ಸೋನಿಯ ಇ-ರೀಡರ್ ಲಿಬ್ರಿಯೆ ಬಂತು, 2007ರಲ್ಲಿ ಕಿಂಡಲ್. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ, ಎರಡಕ್ಕೂ ವಿರುದ್ಧ ವಿದ್ಯುದಂಶ. ವೋಲ್ಟೇಜ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಆಮೇಲೆ ಕರೆಂಟ್ ತೆಗೆದರೂ ಕಣಗಳು ಅಲ್ಲೇ ನಿಲ್ಲುತ್ತವೆ. ಅಂದರೆ ಪುಟ ತೋರಿಸುತ್ತಾ ಕೂರಲು ಬ್ಯಾಟರಿ ಬೇಡ, ಪುಟ ತಿರುಗಿಸಲು ಮಾತ್ರ ಬೇಕು. ವಾರಗಟ್ಟಲೆ ಚಾರ್ಜ್ ಬರುವುದು ಇದರಿಂದಲೇ. ವೈಫೈ ಆನ್ ಇಟ್ಟು, ಬೆಳಕನ್ನೂ ಜೋರಾಗಿಟ್ಟರೆ ಅಷ್ಟು ಬರಲ್ಲ.

ದೋಷವೂ ಅದೇ ಜಾಗದಲ್ಲಿದೆ. ಕಣಗಳು ಜರುಗಲು ಸಮಯ ಬೇಕು. ಹಿಂದಿನ ಪುಟದ ನೆರಳು ಒಮ್ಮೊಮ್ಮೆ ಉಳಿದುಬಿಡುತ್ತದೆ. ಅದನ್ನು ಅಳಿಸಲು ಪರದೆ ಆಗಾಗ ಕಪ್ಪಗಾಗಿ ಮಿಂಚುತ್ತದೆ. ಮೊದಲು ಕಿರಿಕಿರಿ ಅನ್ನಿಸಿತು, ಈಗ ಗಮನಕ್ಕೇ ಬರಲ್ಲ. ಆದರೆ ಬೇಗ ಬೇಗ ಹತ್ತು ಪುಟ ಹಿಂದೆ ಮುಂದೆ ತಿರುವಿ ಏನಾದರೂ ಹುಡುಕಬೇಕು ಅಂದರೆ ಈಗಲೂ ತಾಳ್ಮೆ ಕೆಡುತ್ತದೆ. ಪಠ್ಯಪುಸ್ತಕ, ಕೈಪಿಡಿಗಳನ್ನು ನಾವು ಓದೋದೇ ಹಾಗೆ. ಅಂಥ ಓದಿಗೆ ಟ್ಯಾಬ್‌ ಬೇಕು.

ಕಣ್ಣಿನ ವಿಷಯದಲ್ಲಿ ಸ್ವಲ್ಪ ಅತಿಯಾದ ಮಾತುಗಳು ಓಡಾಡುತ್ತಿವೆ. ಬಿಸಿಲಿನಲ್ಲಿ ಇ-ಇಂಕ್ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸುತ್ತಲಿನ ಬೆಳಕನ್ನೇ ಅದು ಕಾಗದದ ಹಾಗೆ ನಮ್ಮ ಕಡೆ ಮರಳಿಸುತ್ತದೆ. ಕತ್ತಲಲ್ಲಿ ಓದುವಾಗ ಇ-ರೀಡರ್‌ನಲ್ಲೂ ದೀಪ ಹಚ್ಚಲೇಬೇಕು. ಆ ದೀಪ ಅಂಚಿನಿಂದ ಪರದೆಯ ಮೇಲೆ ಬೀಳುತ್ತದೆ, ಟ್ಯಾಬ್‌ನಲ್ಲಿ ಬೆಳಕು ಪರದೆಯಿಂದಲೇ ನೇರ ಕಣ್ಣಿಗೆ ಬರುತ್ತದೆ. ವ್ಯತ್ಯಾಸ ಇಷ್ಟೇ. 2014ರ ಕೊನೆಗೆ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಮೊದಲು ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ ಅಚ್ಚಿನ ಪುಸ್ತಕ ಓದಿದಾಗಿಗಿಂತ ನಿದ್ದೆ ಬರಲು ಸುಮಾರು 10 ನಿಮಿಷ ಜಾಸ್ತಿ ಹಿಡಿಯಿತು. ಅದರಲ್ಲಿದ್ದವರು 12 ಜನ, ಬಳಸಿದ್ದು ಪೂರ್ತಿ ಬೆಳಕಿನಲ್ಲಿಟ್ಟ ಟ್ಯಾಬ್. ಬೆಳಕು ತಗ್ಗಿಸಿಕೊಂಡು ಓದುವವರು ಇದಕ್ಕೆ ಹೆದರಿ ಹೊಸ ಯಂತ್ರ ಕೊಳ್ಳಬೇಕಿಲ್ಲ.

ನನ್ನ ಮಟ್ಟಿಗೆ ಪರದೆಗಿಂತ ತೂಕವೇ ದೊಡ್ಡ ವಿಷಯವಾಯಿತು. 10-11 ಇಂಚಿನ ಟ್ಯಾಬ್ ಸುಮಾರು ಅರ್ಧ ಕೆಜಿ, ಅದೂ ಕವರ್ ಇಲ್ಲದೆ. 6-7 ಇಂಚಿನ ಇ-ರೀಡರ್ 160ರಿಂದ 210 ಗ್ರಾಂ ಆಸುಪಾಸು. ಕಾಗದದ ಮೇಲೆ ಇದು ಏನೂ ಅನ್ನಿಸಲ್ಲ. ಅರ್ಧ ಕೆಜಿ ತೂಗುವ ಪುಸ್ತಕವೊಂದನ್ನು ತೂಕ ಹಾಕಿ ಆರಿಸಿ, ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದಿ ನೋಡಿ. ಹೆಬ್ಬೆರಳಿನ ಬುಡ ನೋಯಲು ಶುರುವಾದಾಗ ಗೊತ್ತಾಗುತ್ತದೆ. ಮೇಜಿನ ಮುಂದೆ ಕೂತೇ ಓದುವವರಿಗೆ ಈ ಲೆಕ್ಕ ಬೇಕಾಗಿಲ್ಲ.

ಟ್ಯಾಬ್‌ನಲ್ಲಿ ಮೆಸೇಜ್ ಬರುತ್ತದೆ, ಮನಸ್ಸು ಓಡುತ್ತದೆ ಅನ್ನುತ್ತಾರೆ. ನೋಟಿಫಿಕೇಶನ್ ನಿಲ್ಲಿಸಿದರೆ ಆಯ್ತು, ಅದೊಂದು ದೊಡ್ಡ ಕಾರಣವಲ್ಲ.

ದೊಡ್ಡ ಕಾರಣ ಬೇರೆ ಇದೆ, ಅದನ್ನು ಜನ ಕೊಂಡ ಮೇಲೆ ಯೋಚಿಸುತ್ತಾರೆ. ಇ-ರೀಡರ್ ಕೊಳ್ಳುವುದೆಂದರೆ ಬಹುಮಟ್ಟಿಗೆ ಒಂದು ಅಂಗಡಿಯನ್ನೇ ಆರಿಸಿಕೊಂಡಂತೆ. ಡಿಆರ್‌ಎಂ ಬೀಗ (ನಕಲು ತಡೆಯುವ ವ್ಯವಸ್ಥೆ) ಹಾಕಿದ ಪುಸ್ತಕ ಇನ್ನೊಂದು ಕಂಪನಿಯ ಯಂತ್ರದಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಹೋದವು. ದುಡ್ಡು ವಾಪಸ್ ಕೊಟ್ಟರು, ಅದು ಬೇರೆ ಮಾತು. 2025ರ ಫೆಬ್ರುವರಿಯಲ್ಲಿ ಅಮೆಜಾನ್, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಹಾಕುವ ಸೌಲಭ್ಯ ತೆಗೆಯಿತು. ನಮ್ಮದೇ ಫೈಲುಗಳಿಗೆ ಈ ತೊಂದರೆ ಇಲ್ಲ. ಕೋಬೋ ಇಪಬ್ ಅನ್ನು ನೇರವಾಗಿ ಓದುತ್ತದೆ. ಕಿಂಡಲ್‌ಗೆ 2022ರಿಂದ ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಇಪಬ್ ಕಳಿಸಬಹುದು, ಅದು ತನ್ನ ನಮೂನೆಗೆ ಬದಲಿಸಿಕೊಳ್ಳುತ್ತದೆ. ಟ್ಯಾಬ್‌ನಲ್ಲಿ ಎಲ್ಲ ಅಂಗಡಿಗಳ ಆ್ಯಪ್ ಒಟ್ಟಿಗೆ ಇಟ್ಟುಕೊಳ್ಳಬಹುದು. ನಾಲ್ಕೈದು ಕಡೆ ಪುಸ್ತಕ ಕೊಳ್ಳುವವರು ಇದೊಂದೇ ಕಾರಣಕ್ಕೆ ಟ್ಯಾಬ್ ತಗೊಂಡರೂ ತಪ್ಪಿಲ್ಲ. ನಾನು ಬೀಗವಿಲ್ಲದ ಫೈಲುಗಳನ್ನೆಲ್ಲ ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ಜೋಡಿಸಿ ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟಿದ್ದೇನೆ.

ಕೊನೆಗೆ ನಾನು ಕೊಂಡಿದ್ದು ಇಪಬ್ ನೇರವಾಗಿ ಓದುವ 7 ಇಂಚಿನ ಕಪ್ಪು-ಬಿಳುಪು ಇ-ರೀಡರ್. ಮೊದಲೆರಡು ಗುಂಪು ಅದಕ್ಕೆ ಹೋದವು. ಮೂರನೇ ಗುಂಪು ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಅದನ್ನು ನಾನು ಓದುವುದು ಮೇಜಿನ ಮುಂದೆಯೇ, ಹಾಗಾಗಿ ಅದಕ್ಕೆಂದು ಇನ್ನೊಂದು ಯಂತ್ರ ಬೇಕು ಅನ್ನಿಸಲಿಲ್ಲ. ನನ್ನ ಫೋಲ್ಡರಿನಲ್ಲಿ ಎ4 ಪಿಡಿಎಫ್‌ಗಳೇ ಜಾಸ್ತಿ ಇದ್ದಿದ್ದರೆ, ಅಥವಾ ಕಾಮಿಕ್ಸ್ ಓದುವ ಅಭ್ಯಾಸವಿದ್ದಿದ್ದರೆ ಮರುಮಾತಿಲ್ಲದೆ ಟ್ಯಾಬ್ ತಗೊಳ್ಳುತ್ತಿದ್ದೆ. ಬಣ್ಣದ ಇ-ಇಂಕ್ ಕೂಡ ನೋಡಿದೆ. ಕೆಲಿಡೋ 3 ಎಂಬ ಬಣ್ಣದ ಪರದೆಯಲ್ಲಿ ಕಪ್ಪು ಅಕ್ಷರ 300 ಪಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಇದ್ದರೆ ಬಣ್ಣ 150 ಮಾತ್ರ. ಬಣ್ಣದ ಪದರದಿಂದಾಗಿ ಹಿನ್ನೆಲೆಯೂ ಸ್ವಲ್ಪ ಮಂಕು. ಸ್ಕ್ಯಾನ್ ಪುಟಗಳ ಬೂದು ಬಣ್ಣದ ಜೊತೆ ಈಗಾಗಲೇ ಗುದ್ದಾಡುತ್ತಿರುವ ನನಗೆ ಅದು ಬೇಡವೆನಿಸಿತು.

ಮೆಮೊರಿಗೆಂದು ಹೆಚ್ಚು ಖರ್ಚು ಮಾಡಬೇಡಿ. ಬರೀ ಪಠ್ಯವಿರುವ ಇಪಬ್ ಒಂದೆರಡು ಎಂಬಿ ಇರುತ್ತದೆ, ಅಷ್ಟೇ. 16 ಜಿಬಿಯಲ್ಲಿ ಸಾವಿರಾರು ಹಿಡಿಯುತ್ತವೆ. ಸ್ಕ್ಯಾನ್ ಪಿಡಿಎಫ್‌ ರಾಶಿ ಇದ್ದವರು ಮಾತ್ರ 32ರದ್ದು ನೋಡಲಿ. ಆ ದುಡ್ಡಿಗೆ ಪುಟ ತಿರುಗಿಸಲು ಪಕ್ಕದಲ್ಲಿ ಬಟನ್ ಇರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ. ಮಲಗಿ ಓದುವಾಗ ಬೆರಳು ಚಾಚಿ ಪರದೆ ಮುಟ್ಟುವ ಕೆಲಸ ತಪ್ಪುತ್ತದೆ.