ಬಿದ್ದ ಬೈಕು, ಉರಿಯದ ಹಸಿರು ದೀಪ

ಬೈಕು ಬಿದ್ದದ್ದು ಓಡಿಸುವಾಗ ಅಲ್ಲ, ನಿಲ್ಲಿಸುವಾಗ. ಎಡಕ್ಕೆ ಇಂಡಿಕೇಟರ್ ಹಾಕಿಕೊಂಡು ನಿಧಾನಕ್ಕೆ ತಿರುಗಿಸಿದೆ. ಮುಂದಿನ ಚಕ್ರ ಸಣ್ಣ ಜಲ್ಲಿಯ ಮೇಲೆ ಜಾರಿತು. ಕಾಲು ಊರಿದೆ, ಅದೂ ಜಾರಿತು. ಗಾಡಿ ಎಡಮಗ್ಗುಲಿಗೆ ಮಲಗಿತು. ನನಗೆ ಪೆಟ್ಟೇನೂ ಆಗಲಿಲ್ಲ, ಮರ್ಯಾದೆ ಸ್ವಲ್ಪ ಹೋಯಿತು ಅಷ್ಟೇ. ಎಡ ಇಂಡಿಕೇಟರ್ ಮಿನುಗುತ್ತಿದ್ದಾಗಲೇ ಬಿದ್ದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ. ನಾನು ಅದನ್ನು ಮರೆತೆ, ಅದಕ್ಕೇ ಎರಡು ದಿನ ಹಾಳಾಯಿತು.

ಎತ್ತಿ ನಿಲ್ಲಿಸಿದಾಗ ಇಂಜಿನ್ ಆಫ್ ಆಗಿತ್ತು. ತಕ್ಷಣ ಸೆಲ್ಫ್ ಒತ್ತಲಿಲ್ಲ. ಮಲಗಿದ ಗಾಡಿಯಲ್ಲಿ ಇಂಜಿನ್ ಆಯಿಲ್ ಎಲ್ಲೆಲ್ಲಿಗೋ ಹರಿದಿರುತ್ತದೆ. ಏರ್ ಫಿಲ್ಟರ್ ಕಡೆಗೆ, ಕೆಲವು ಸಲ ಸಿಲಿಂಡರ್ ಒಳಕ್ಕೂ ಹೋಗುತ್ತದೆ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿದೆ. ಪೆಟ್ರೋಲ್ ಸೋರುತ್ತಿದೆಯಾ ಅಂತ ಬಗ್ಗಿ ನೋಡಿದೆ, ಆಯಿಲ್ ಮಟ್ಟ ನೋಡಿದೆ. ನ್ಯೂಟ್ರಲ್‌ಗೆ ತಂದು ಸೆಲ್ಫ್ ಒತ್ತಿದರೆ ಇಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುತ್ತಿಲ್ಲ. ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗಿಂದ ಬರಬೇಕಾದ ಪೆಟ್ರೋಲ್ ಪಂಪಿನ 'ಗುಂಯ್' ಸದ್ದೂ ಇಲ್ಲ. ಇದು ಗೊತ್ತಿದ್ದ ವಿಷಯ. ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕುಗಳಲ್ಲಿ ವಾಲುವಿಕೆ ನೋಡಿಕೊಳ್ಳುವ ಒಂದು ಸೆನ್ಸರ್ ಇರುತ್ತದೆ. ಗಾಡಿ ಬಿದ್ದ ಕೂಡಲೇ ಅದು ಪಂಪ್ ನಿಲ್ಲಿಸುತ್ತದೆ. ಎತ್ತಿ ನಿಲ್ಲಿಸಿದರೆ ಸಾಲದು, ಕೀ ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಮಾಡಿದೆ. ಪಂಪ್ ಗುಂಯ್ ಅಂತು, ಇಂಜಿನ್ ಹತ್ತಿಕೊಂಡಿತು.

ಅಬ್ಬಾ ಅಂದುಕೊಂಡು ಒಂದನೇ ಗೇರ್ ಹಾಕಿದೆ. ಇಂಜಿನ್ ಪಟ್ ಅಂತ ನಿಂತಿತು. ಮತ್ತೆ ನ್ಯೂಟ್ರಲ್‌, ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ಪಟ್. ಸೈಡ್ ಸ್ಟ್ಯಾಂಡನ್ನು ಆರೇಳು ಸಲ ಕೆಳಗೆ ಮೇಲೆ ಒದ್ದ ಮೇಲೆ ಹೇಗೋ ಹೊರಟಿತು. ಆದರೆ ಎರಡನೇ ಗೇರ್ ಬೀಳುತ್ತಿಲ್ಲ. ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಡಯಲ್‌ನಲ್ಲಿ ನ್ಯೂಟ್ರಲ್‌ನ ಹಸಿರು ದೀಪವೂ ಇಲ್ಲ. ಒಂದನೇ ಗೇರಿನಲ್ಲೇ ಗೊರಗುಟ್ಟಿಸಿಕೊಂಡು ಮನೆ ಸೇರಿದೆ.

ಇಲ್ಲೇ ನಾನು ಎಡವಿದ್ದು. ಗೇರ್ ಬೀಳುತ್ತಿಲ್ಲ, ನ್ಯೂಟ್ರಲ್ ದೀಪ ಇಲ್ಲ, ಗೇರ್ ಹಾಕಿದರೆ ಇಂಜಿನ್ ನಿಲ್ಲುತ್ತದೆ. ಮೂರನ್ನೂ ಸೇರಿಸಿದರೆ ಗೇರ್ ಬಾಕ್ಸ್ ಒಳಗೆ ಏನೋ ಮುರಿದಿದೆ ಅನ್ನಿಸುತ್ತೆ ಅಲ್ವಾ? ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು ಲಿವರ್ ಎರಡು ಸಲ ಒದ್ದು ನೋಡಿ, "ಸಾರ್, ಇಂಜಿನ್ ಇಳಿಸ್ಬೇಕಾಗುತ್ತೆ" ಅಂದರು. ನಾನೂ ಅರ್ಧ ನಂಬಿದೆ. ಆಮೇಲೆ ಯೋಚಿಸಿದೆ: ನಿಂತ ಗಾಡಿ ಸುಮ್ನೆ ಮಗ್ಗುಲಾದರೆ ಒಳಗಿನ ಹಲ್ಲುಗಳಿಗೆ ಏನಾಗಲು ಸಾಧ್ಯ? ಪೆಟ್ಟು ಬಿದ್ದದ್ದು ಹೊರಗೆ. ಹೊರಗಿನದ್ದೆಲ್ಲ ನೋಡಿ ಮುಗಿಯುವವರೆಗೆ ಇಂಜಿನ್‌ಗೆ ಕೈ ಹಾಕಬಾರದು ಅಂತ ತೀರ್ಮಾನಿಸಿದೆ.

ಮೊದಲು ಗೇರ್ ಲಿವರ್. ಗಾಡಿಯ ಪಕ್ಕ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ನೆಲದ ಮೇಲೆ ಕುಳಿತು ಮುಂದಿನಿಂದ ನೋಡಿದೆ. ಲಿವರ್‌ನ ತುದಿ ಇಂಜಿನ್ ಕಡೆಗೆ ಒಳಕ್ಕೆ ಬಾಗಿತ್ತು. ಎಡಗಡೆಯ ಕವರ್ ಮೇಲೆ ಅಂಗುಲದಷ್ಟು ಉದ್ದದ ಹೊಸ ಗೀರು, ಬೆಳ್ಳಗೆ ಹೊಳೆಯುತ್ತಿತ್ತು. ಕೈಯಿಂದ ಲಿವರ್ ಎತ್ತಿದರೆ ತುದಿ ಆ ಗೀರಿನ ಉದ್ದಕ್ಕೂ ಸವರಿಕೊಂಡು ಹೋಗಿ ಕವರ್‌ನ ಉಬ್ಬಿಗೆ ತಗುಲಿ ನಿಲ್ಲುತ್ತಿತ್ತು. ಕೆಳಕ್ಕೆ ಒತ್ತಲು ಅಡ್ಡಿ ಇಲ್ಲ, ಅದಕ್ಕೇ ಒಂದನೇ ಗೇರ್ ಬೀಳುತ್ತಿತ್ತು. ಎರಡನೆಯದಕ್ಕೆ ಪೂರ್ತಿ ಎತ್ತಬೇಕು, ಜಾಗವೇ ಇಲ್ಲ.

ಅಲ್ಲೇ ಒಂದು ಪೈಪ್ ತೂರಿಸಿ ಎಳೆದುಬಿಡೋಣ ಅನ್ನಿಸುತ್ತೆ. ಮಾಡಬೇಡಿ. ಲಿವರ್ ಕೂತಿರುವ ಶಾಫ್ಟ್ ಇಂಜಿನ್ ಒಳಕ್ಕೆ ಹೋಗುತ್ತದೆ. ಅದು ಬಾಗಿದರೆ, ಇಲ್ಲವೇ ಅದರ ಆಯಿಲ್ ಸೀಲ್ ಹರಿದರೆ, ನಿಜವಾಗಿಯೂ ಇಂಜಿನ್ ಬಿಚ್ಚಬೇಕಾದೀತು. ಶಾಫ್ಟಿನ ಹಲ್ಲಿನ ಮೇಲೆ ಲಿವರ್ ಎಲ್ಲಿ ಕೂತಿದೆ ಅಂತ ಬಿಳಿ ಪೇಂಟಿನಿಂದ ಗುರುತು ಹಾಕಿದೆ. ಬಿಗಿಯುವ ಬೋಲ್ಟ್ ಸಡಿಲ ಮಾಡಿ ಎಳೆದರೆ ಲಿವರ್ ಬರಲಿಲ್ಲ. ಶಾಫ್ಟಿನಲ್ಲಿ ಒಂದು ಕಾಲುವೆ ಇದೆ, ಬೋಲ್ಟ್ ಅದರೊಳಗೇ ಹಾದು ಹೋಗುತ್ತದೆ. ಪೂರ್ತಿ ಹೊರಗೆ ತೆಗೆದ ಮೇಲೆ ಲಿವರ್ ತಾನಾಗಿ ಜಾರಿತು. ನನ್ನದು ಉಕ್ಕಿನ ಲಿವರ್. ವೈಸ್‌ಗೆ ಕಚ್ಚಿಸಿ ಸ್ವಲ್ಪ ಸ್ವಲ್ಪವೇ ನೇರ ಮಾಡಿದೆ. ಅಲ್ಯೂಮಿನಿಯಂ ಆಗಿದ್ದರೆ ಹೊಸದೇ ತರುತ್ತಿದ್ದೆ, ಅದು ನೇರ ಮಾಡುವಾಗ ಬಿರುಕು ಬಿಡುತ್ತದೆ.

ಲಿವರ್ ಹಾಕಿ, ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಂಜಿನ್ ಆಫ್ ಇಟ್ಟೇ ಪರೀಕ್ಷಿಸಿದೆ. ಒಂದು ಕೈಯಲ್ಲಿ ಹಿಂದಿನ ಚಕ್ರ ತಿರುಗಿಸುತ್ತಾ ಇನ್ನೊಂದರಲ್ಲಿ ಲಿವರ್ ಎತ್ತಬೇಕು. ಚಕ್ರ ನಿಂತಿದ್ದರೆ ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತು ಗೇರ್ ಬೀಳದೇ ಇರಬಹುದು, ಆಗ ಸುಮ್ನೆ ಗಾಬರಿಯಾಗುತ್ತೆ. ಟಕ್, ಟಕ್, ಟಕ್. ಐದೂ ಬಿದ್ದವು. ರಾತ್ರಿಯಿಡೀ ಕೆಳಗೆ ರಟ್ಟು ಹಾಸಿಟ್ಟೆ. ಬೆಳಗ್ಗೆ ಒಂದು ಹನಿ ಆಯಿಲ್ ಇಲ್ಲ, ಅಂದರೆ ಸೀಲ್ ಕ್ಷೇಮ.

ಇಂಜಿನ್ ಓಡುವಾಗ ಮಾತ್ರ ಗೇರ್ ಇನ್ನೂ ಕಟಕಟ ಅನ್ನುತ್ತಿತ್ತು. ಇದಕ್ಕೆ ಕಾರಣ ಕ್ಲಚ್ ಲಿವರ್. ಬಿದ್ದಾಗ ಅದೂ ಹ್ಯಾಂಡಲ್ ಕಡೆಗೆ ಬಾಗಿತ್ತು. ಪೂರ್ತಿ ಹಿಡಿಯುವ ಮೊದಲೇ ತುದಿ ಗ್ರಿಪ್ಪಿಗೆ ತಾಗುತ್ತಿತ್ತು, ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಹೊಸ ಲಿವರ್ ಹಾಕಿ, ಕೇಬಲ್ ಸಡಿಲ ಸರಿ ಮಾಡಿದ ಮೇಲೆ ಸದ್ದು ಹೋಯಿತು.

ಸೈಡ್ ಸ್ಟ್ಯಾಂಡ್ ಸ್ವಿಚ್‌ ಕತೆ ಚಿಕ್ಕದು. ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಇಂಜಿನ್ ನಿಲ್ಲಿಸುವ ಸ್ವಿಚ್ ಅದು. ಅದರ ಒತ್ತುಗುಂಡಿಯ ಪಕ್ಕ ಜಲ್ಲಿಪುಡಿ ಸಿಕ್ಕಿಕೊಂಡು ಗುಂಡಿ ಅಂಟಿಕೊಂಡಿತ್ತು. ಸ್ಟ್ಯಾಂಡ್ ಮೇಲಿದ್ದರೂ ಗಾಡಿಯ ಲೆಕ್ಕದಲ್ಲಿ ಅದು ಕೆಳಗೇ ಇತ್ತು. ಮಲ್ಟಿಮೀಟರ್‌ನಲ್ಲಿ ನೋಡಿದರೆ ಗೊತ್ತಾಗುತ್ತೆ: ನನ್ನ ಗಾಡಿಯಲ್ಲಿ ಸ್ಟ್ಯಾಂಡ್ ಎತ್ತಿದಾಗ 'ಬೀಪ್' (ಕರೆಂಟ್ ಹಾದುಹೋಗಲು ದಾರಿ ಇದೆ ಅಂತ) ಅನ್ನಬೇಕು, ಇಳಿಸಿದಾಗ ಸುಮ್ಮನಿರಬೇಕು. ತೊಳೆದು, ಒಣಗಿಸಿ, ನಾಲ್ಕು ಸಲ ಒತ್ತಿದೆ, ಸರಿಯಾಯಿತು. ಇದರ ಎರಡು ವೈರ್ ಸೇರಿಸಿ ಕಟ್ಟಿಬಿಡಿ ಅಂತ ಹೇಳುವವರು ಇದ್ದಾರೆ. ಸ್ಟ್ಯಾಂಡ್ ಇಳಿದಿದ್ದು ಮರೆತು ಎಡಕ್ಕೆ ತಿರುಗಿಸಿದರೆ ಅದು ನೆಲಕ್ಕೆ ಕಚ್ಚಿ ಗಾಡಿಯನ್ನೇ ಎತ್ತಿ ಒಗೆಯುತ್ತದೆ. ನಾನಂತೂ ಕಟ್ಟುವುದಿಲ್ಲ.

ಉಳಿದದ್ದು ಹಸಿರು ದೀಪ. ಗೇರ್ ಎಲ್ಲ ಸರಿಯಾಗಿ ಬೀಳುತ್ತಿದೆ, ನ್ಯೂಟ್ರಲ್‌ನಲ್ಲಿ ಗಾಡಿ ಆರಾಮಾಗಿ ಉರುಳುತ್ತಿದೆ, ದೀಪ ಮಾತ್ರ ಇಲ್ಲ. ನ್ಯೂಟ್ರಲ್ ಸ್ವಿಚ್ಚಿಗೆ ಬರುವುದು ಒಂದೇ ವೈರ್, ನ್ಯೂಟ್ರಲ್ ಆದಾಗ ಅದು ಇಂಜಿನ್ ಬಾಡಿಗೆ ಸೇರಿ ದೀಪ ಉರಿಯುತ್ತದೆ. ಆ ವೈರ್ ಕಳಚಿ ನಾನೇ ಬಾಡಿಗೆ ಮುಟ್ಟಿಸಿದೆ. ಉರಿಯಲಿಲ್ಲ. ಅಂದರೆ ಸ್ವಿಚ್ ತಪ್ಪಲ್ಲ, ದೀಪವೇ ಹೋಗಿರಬೇಕು, ಇಲ್ಲವೇ ಅದಕ್ಕೆ ಕರೆಂಟೇ ಬರುತ್ತಿಲ್ಲ. ಬೇಜಾರಾಗಿ ಎದ್ದು ನಿಂತು ಯಾಕೋ ಹಾರ್ನ್ ಒತ್ತಿದೆ. ಹಾರ್ನ್ ಇಲ್ಲ! ಬ್ರೇಕ್ ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ. ಎರಡು ದಿನದಿಂದ ಹಾರ್ನ್ ಒತ್ತಿಯೇ ಇರಲಿಲ್ಲ ನಾನು. ಇವೆಲ್ಲ ಒಂದೇ 10 ಆಂಪಿಯರ್ ಫ್ಯೂಸಿನ ಮಕ್ಕಳು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರೆ ನಡುವಿನ ತಂತಿ ಕರಗಿ ಹೋಗಿತ್ತು.

ಫ್ಯೂಸ್ ಡಬ್ಬದ ಸ್ಪೇರ್ ಹಾಕಿದೆ. ಹಸಿರು ದೀಪ ಬಂತು. ಖುಷಿಯಲ್ಲಿ ಬಲ ಇಂಡಿಕೇಟರ್ ಹಾಕಿದೆ, ಮಿನುಗಿತು. ಎಡಕ್ಕೆ ಒತ್ತಿದೆ, ಎಲ್ಲವೂ ಆರಿತು. ಬಿದ್ದ ಗಳಿಗೆ ಆಗ ನೆನಪಾಯಿತು.

ಇನ್ನೊಂದೇ ಸ್ಪೇರ್ ಇತ್ತು. ಅದನ್ನೂ ಸುಡಲು ಮನಸ್ಸಿರಲಿಲ್ಲ, 15 ಆಂಪಿಯರಿನದ್ದು ಹಾಕುವ ಮಾತೇ ಇಲ್ಲ, ಅದು ಉಳಿದು ವೈರ್ ಸುಡುತ್ತದೆ. ಹಳೆಯ 12 ವೋಲ್ಟಿನ 21 ವ್ಯಾಟ್ ಬ್ರೇಕ್ ಬಲ್ಬಿಗೆ ಎರಡು ವೈರ್ ಬೆಸೆದು, ಫ್ಯೂಸ್ ಜಾಗಕ್ಕೆ ಸಿಕ್ಕಿಸಿದೆ. ಶಾರ್ಟ್ ಇದ್ದರೆ, ಅಂದರೆ ವೈರ್ ಎಲ್ಲೋ ಬಾಡಿಗೆ ತಗುಲಿದ್ದರೆ, ಬಲ್ಬ್ ಜೋರಾಗಿ ಉರಿಯುತ್ತದೆ, ಎರಡು ಆಂಪಿಯರಿಗಿಂತ ಜಾಸ್ತಿ ಹರಿಯಲು ಬಿಡುವುದಿಲ್ಲ. ಎಡಕ್ಕೆ ಒತ್ತಿದೆ, ಝಗ್ ಅಂತ ಉರಿಯಿತು. ಹಿಂದಿನಿಂದ ಶುರುಮಾಡಿ ವೈರನ್ನು ಗೇಣು ಗೇಣು ಅಲುಗಾಡಿಸುತ್ತಾ ಬಂದೆ. ಹ್ಯಾಂಡಲ್ ಕತ್ತಿನ ಹತ್ತಿರ ಏನೂ ಬದಲಾಗಲಿಲ್ಲ. ಮುಂದಿನ ಎಡ ಇಂಡಿಕೇಟರನ್ನು ಸ್ವಲ್ಪ ಮೇಲೆತ್ತಿದೆ. ಬಲ್ಬ್ ಮಂಕಾಯಿತು, ಇಂಡಿಕೇಟರ್ ನಸುವಾಗಿ ಹತ್ತಿತು. ಬಿಟ್ಟೆ, ಮತ್ತೆ ಝಗ್. ಅದರ ರಬ್ಬರ್ ಕತ್ತು ಹರಿದು, ಒಳಗಿನ ವೈರ್‌ನ ಸಿಪ್ಪೆ ತಗಡಿನ ಅಂಚಿಗೆ ಕೊಯ್ದುಹೋಗಿತ್ತು. ಕೆಂಪಗೆ ಮೂರೇ ಮೂರು ಎಳೆ ತಾಮ್ರ ಹೊರಗೆ ಕಾಣುತ್ತಿತ್ತು.

ವೈರ್ ಬೆಸೆದು, ಕಾಯಿಸಿದರೆ ಬಿಗಿಯಾಗುವ ಪ್ಲಾಸ್ಟಿಕ್ ನಳಿಗೆ ಹಾಕಿದೆ. ಕಪ್ಪು ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ, ಅಂಥ ಜಾಗಕ್ಕೆ ಬೇಡ. ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿ ಮೀಟರ್ ಹಿಡಿದೆ: ಇಂಜಿನ್ ಆಫ್ ಇದ್ದಾಗ 12.6, ಓಡುವಾಗ 14.1 ವೋಲ್ಟ್. ಕೊನೆಯ ಸ್ಪೇರ್ ಫ್ಯೂಸ್ ಹಾಕಿ, ಎಡ ಇಂಡಿಕೇಟರ್ ಒತ್ತಿಕೊಂಡೇ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿದೆ. ಮಿನುಗುತ್ತಲೇ ಇತ್ತು. ಇಂಜಿನ್ ಇಳಿಸಬೇಕು ಅಂದವರು ದಾರಿಯಲ್ಲಿ ಸಿಕ್ಕರು. ಹಾರ್ನ್ ಒತ್ತಿ ಮುಂದೆ ಹೋದೆ.